ದುಬೈಯಲ್ಲಿ ಶೇ 9, ಶಿರಸಿಯಲ್ಲಿ ಶೇ 25: ಮೆಣಸಿನ ಲಾಭ ಯಾವ ಊರಿನದು?

ಘಟ್ಟದ ಮೇಲಿನ ಕಾಳುಮೆಣಸನ್ನು ಹೊರದೇಶಕ್ಕೆ ಕಳಿಸುವವರ ಲೆಕ್ಕಪತ್ರ ನೋಡುವ ಕೆಲಸದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ: ದುಬೈಯಲ್ಲಿ ಒಂದು ಕಂಪನಿ ಮಾಡಿ, ಮಾಲನ್ನು ಅದರ ಹೆಸರಿಗೆ ಬಿಲ್ ಹಾಕಿ, ಅಲ್ಲಿಂದ ಖರೀದಿದಾರರಿಗೆ ಮಾರಿದರೆ ತೆರಿಗೆ ಉಳಿಯುತ್ತದಲ್ಲವೇ? ಭಟ್ಕಳ, ಹೊನ್ನಾವರ, ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಕೊಲ್ಲಿಯಲ್ಲಿರುತ್ತಾರೆ. ಹಾಗಾಗಿ ಕಂಪನಿ ತೆರೆಯುವುದು ಕಷ್ಟವೂ ಅಲ್ಲ. ಪರವಾನಗಿ ಕೈಗೆ ಬಂದಮೇಲೆ ಲೆಕ್ಕದವರ ಬಳಿ ಬರುತ್ತಾರೆ. ಬರಬೇಕಾದದ್ದು ಅದಕ್ಕಿಂತ ಮೊದಲು.

ದರದ ವ್ಯತ್ಯಾಸ ನಿಜ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ವಿನಾಯಿತಿಗಳನ್ನೆಲ್ಲ ಬಿಟ್ಟುಕೊಟ್ಟು ಹೊಸ ದರ ಆಯ್ದುಕೊಂಡ ಕಂಪನಿಗೆ ಶೇ 22. ಅದರ ಮೇಲೆ ಶೇ 10 ಸರ್‌ಚಾರ್ಜ್, ಶೇ 4 ಸೆಸ್ ಸೇರಿ ಶೇ 25.168. ಪಾಲುದಾರಿಕೆ ಸಂಸ್ಥೆ ಮತ್ತು ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಶೇ 30, ಸೆಸ್ ಸೇರಿ 31.2, ಆದಾಯ 1 ಕೋಟಿ ದಾಟಿದರೆ ಸರ್‌ಚಾರ್ಜ್ ಕೂಡಿ 34.944. ದುಬೈ ಇರುವ ಯುಎಇಯಲ್ಲಿ 2023ರ ಜೂನ್ 1ರಂದು ಅಥವಾ ನಂತರ ಶುರುವಾಗುವ ಲೆಕ್ಕವರ್ಷಗಳಿಂದ ಕಂಪನಿ ತೆರಿಗೆ ಬಂದಿದೆ: ಮೊದಲ 3,75,000 ದಿರ್‌ಹಂ ಲಾಭಕ್ಕೆ ಸೊನ್ನೆ, ಅದರ ಮೇಲಿನದಕ್ಕೆ ಶೇ 9. ಸಿಂಗಾಪುರ ಶೇ 17. ಹಾಂಕಾಂಗ್ ಮೊದಲ 20 ಲಕ್ಷ ಹಾಂಕಾಂಗ್ ಡಾಲರಿಗೆ 8.25, ಮುಂದಕ್ಕೆ 16.5. ಅಮೆರಿಕದ ಕೇಂದ್ರ ತೆರಿಗೆ 2018ರಿಂದ 21. ಬ್ರಿಟನ್ 2023ರ ಏಪ್ರಿಲ್‌ನಿಂದ 25. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ಎಂಬ ಜಾಗತಿಕ ನಿಯಮ ಒಂದಿದೆ. ಅದು ವರ್ಷಕ್ಕೆ 75 ಕೋಟಿ ಯೂರೋ ವಹಿವಾಟು ಇರುವವರಿಗೆ. ನಮ್ಮ ಯಾರ್ಡಿನವರಿಗೆ ಅದರ ಗೊಡವೆ ಇಲ್ಲ.

ಈ ಪಟ್ಟಿ ನೋಡಿ ಕಂಪನಿ ಕಟ್ಟಿದವರು ಒಂದು ಸಾಲಿನ ಲೆಕ್ಕ ಮಾಡಿರುವುದಿಲ್ಲ. ದುಡ್ಡು ಊರಿಗೆ ವಾಪಸ್ ಬರುವಾಗಿನ ಲೆಕ್ಕ ಅದು. ದುಬೈ ಕಂಪನಿ 100 ರೂಪಾಯಿ ಲಾಭಕ್ಕೆ 9 ಕಟ್ಟಿತು ಎನ್ನಿ. ಉಳಿದ 91 ಶಿರಸಿಯ ಕಂಪನಿಗೆ ಡಿವಿಡೆಂಡ್ ಆಗಿ ಬಂತು. ವಿದೇಶಿ ಡಿವಿಡೆಂಡಿಗೆ ಹಿಂದೆ ಇದ್ದ ಶೇ 15ರ ರಿಯಾಯಿತಿ ದರ ಈಗಿಲ್ಲ. ಆ 91ಕ್ಕೂ 25.168ರಂತೆ 22.90 ರೂಪಾಯಿ. ಅಲ್ಲಿಗೆ ಒಟ್ಟು 31.90. ನೇರವಾಗಿ ಇಲ್ಲೇ ಲಾಭ ತೋರಿಸಿದ್ದರೆ 25.17 ಕಟ್ಟಿ ಮುಗಿಯುತ್ತಿತ್ತು. ಅಲ್ಲಿ ಸೊನ್ನೆ ದರ ಸಿಕ್ಕರೂ ಉಳಿತಾಯ ಏನಿಲ್ಲ, ತೆರಿಗೆ ಮುಂದಕ್ಕೆ ಹೋಗುತ್ತದೆ ಅಷ್ಟೆ. ಆ ನಡುವೆ ಪರವಾನಗಿ ನವೀಕರಣ, ಆಡಿಟ್, ಬ್ಯಾಂಕ್ ಖರ್ಚು ಕೈಯಿಂದ ಹೋಗುತ್ತಲೇ ಇರುತ್ತದೆ. ಅಲ್ಲಿಯ ಕಂಪನಿ ತನ್ನ ಲಾಭದ ಮೇಲೆ ಕಟ್ಟಿದ ತೆರಿಗೆಗೆ ಇಲ್ಲಿ ಡಿವಿಡೆಂಡಿನ ಮೇಲೆ ಕ್ರೆಡಿಟ್ (ಅಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯುವುದು) ಸಿಗುವುದು ದೇಶ ದೇಶಗಳ ನಡುವಿನ ಕೆಲವೇ ತೆರಿಗೆ ಒಪ್ಪಂದಗಳಲ್ಲಿ. ಸಿಂಗಾಪುರದ ಒಪ್ಪಂದದಲ್ಲಿ, ಭಾರತದ ಕಂಪನಿಗೆ ಕನಿಷ್ಠ ಶೇ 25 ಪಾಲಿದ್ದರೆ, ಆ ಅವಕಾಶವಿದೆ. ಹೀಗಾಗಿ ಶೇ 17ರ ಸಿಂಗಾಪುರ ಕೆಲವೊಮ್ಮೆ ಶೇ 9ರ ದುಬೈಗಿಂತ ಅಗ್ಗ ಬೀಳುತ್ತದೆ. ಎರಡು ದೇಶಗಳ ದರವನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಇದು ಕಾಣುವುದಿಲ್ಲ.

ದುಡ್ಡು ವಾಪಸ್ ತರುವುದೇ ಇಲ್ಲ, ಅಲ್ಲೇ ವ್ಯಾಪಾರಕ್ಕೆ ಹಾಕುತ್ತೇವೆ ಎನ್ನುವವರಿಗೆ ಮುಂದಿನ ಪ್ರಶ್ನೆ: ಆ ಲಾಭವನ್ನು ದುಬೈ ಕಂಪನಿ ಗಳಿಸಿದ್ದು ಹೌದೇ? ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಒಂದು ಕಂಟೇನರನ್ನು ಹತ್ತಿರದಿಂದ ನೋಡೋಣ. ಅಂಕಿಗಳು ಲೆಕ್ಕಕ್ಕೆಂದು ಹಿಡಿದವು. ಶಿರಸಿ ಯಾರ್ಡಿನ ಟೆಂಡರಿನಲ್ಲಿ ಕೆಜಿಗೆ 650ರಂತೆ ಮೆಣಸು ಕೊಂಡಿರಿ. ತೇವಾಂಶ ಶೇ 14 ಇತ್ತು, ಶೇ 11ಕ್ಕೆ ಒಣಗಿಸಬೇಕು. 100 ಕೆಜಿಯಲ್ಲಿ ಒಣ ಅಂಶ 86. ಅದು ಶೇ 89 ಆಗುವಷ್ಟು ಒಣಗಿದಾಗ ತೂಕ 96.6 ಕೆಜಿಗೆ ಇಳಿಯುತ್ತದೆ. ಕಡ್ಡಿ, ಹೊಟ್ಟು, ಜೊಳ್ಳು ಆರಿಸಿ ತೆಗೆದಮೇಲೆ 94.7. ಅಂದರೆ ಕೈಯಲ್ಲಿ ಉಳಿದ ಕಾಳಿನ ಅಸಲು 686 ರೂಪಾಯಿ. ಚೀಲ, ಹಮಾಲಿ, ಘಟ್ಟ ಇಳಿಸುವ ಲಾರಿ, ಬಂದರಿನ ಖರ್ಚಿಗೆ 14 ಸೇರಿಸಿ 700. ಕಾರವಾರದ ಬೈತಖೋಲ ಬಂದರು ಪಕ್ಕದಲ್ಲೇ ಇದ್ದರೂ ಮೆಣಸಿನ ಕಂಟೇನರು ಸಾಮಾನ್ಯವಾಗಿ ನವಮಂಗಳೂರು ಇಲ್ಲವೇ ಕೊಚ್ಚಿಗೆ ಹೋಗುತ್ತದೆ. ಆದ್ದರಿಂದ ಸಾಗಾಣಿಕೆಯ ಬಾಬ್ತನ್ನು ಕಡಿಮೆ ಹಿಡಿಯುವಂತಿಲ್ಲ.

ಇದನ್ನು ಸ್ವಂತ ದುಬೈ ಕಂಪನಿಗೆ 715ಕ್ಕೆ ಬಿಲ್ ಮಾಡಿದಿರಿ. ದುಬೈ ಕಂಪನಿ 800ಕ್ಕೆ ಯುರೋಪಿನವನಿಗೆ ಮಾರಿತು. ಮಾಲು ದುಬೈಯನ್ನು ಕಂಡೇ ಇಲ್ಲ, ನೇರ ಹೋಗಿದೆ. ಅದೇ ವಾರ ಸಂಬಂಧವೇ ಇಲ್ಲದ ಇನ್ನೊಬ್ಬ ಖರೀದಿದಾರನಿಗೆ ನೀವೇ 790ರಂತೆ ಕಳಿಸಿದ್ದೀರಿ. ತೆರಿಗೆ ಅಧಿಕಾರಿ ಕೇಳುವುದು ಒಂದೇ: ಹೊರಗಿನವನಿಗೆ 790, ಮನೆಯವನಿಗೆ 715 ಯಾಕೆ? 12 ಟನ್ ಕಂಟೇನರಿಗೆ ಕೆಜಿಗೆ 75ರಂತೆ 9 ಲಕ್ಷ ರೂಪಾಯಿ ನಿಮ್ಮ ಆದಾಯಕ್ಕೆ ಸೇರುತ್ತದೆ, ತೆರಿಗೆ 2,26,512. ಎಂಟು ಕಂಟೇನರು ಹೋಗಿದ್ದರೆ 72 ಲಕ್ಷ, ತೆರಿಗೆ 18,12,096. ಕಡಿಮೆ ಆದಾಯ ತೋರಿಸಿದ್ದಕ್ಕೆ ದಂಡ ಬಿದ್ದರೆ ತೆರಿಗೆಯ ಅರ್ಧ, ಬಡ್ಡಿ ಬೇರೆ. ಹನ್ನೆರಡು ಕಂಟೇನರಾದರೆ ಸೇರ್ಪಡೆ 1 ಕೋಟಿ ದಾಟುತ್ತದೆ. ಆಗ ಇನ್ನೊಂದು ಕಟ್ಟುಪಾಡು ಬರುತ್ತದೆ: ಆ ಹೆಚ್ಚುವರಿ ಮೊತ್ತವನ್ನು 90 ದಿನದೊಳಗೆ ದುಬೈಯಿಂದ ಇಲ್ಲಿಗೆ ತರಿಸಬೇಕು. ತರಿಸದಿದ್ದರೆ ಅದನ್ನು ದುಬೈ ಕಂಪನಿಗೆ ಕೊಟ್ಟ ಸಾಲವೆಂದು ಹಿಡಿದು ವರ್ಷ ವರ್ಷ ಬಡ್ಡಿ ಆದಾಯ ಸೇರಿಸುತ್ತಾರೆ.

ಇದು ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮ: ಸಂಬಂಧಿತ ಸಂಸ್ಥೆಗೂ ಹೊರಗಿನವರಿಗೆ ಹಾಕುವ ಬೆಲೆಯನ್ನೇ ಹಾಕಬೇಕು ಎಂಬುದು. 2001ರಿಂದ ನಮ್ಮ ಕಾಯ್ದೆಯಲ್ಲಿದೆ. ದೊಡ್ಡ ಕಂಪನಿಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಸಂಬಂಧಿತ ಸಂಸ್ಥೆಯೊಂದಿಗೆ ಗಡಿಯಾಚೆ ಒಂದು ರೂಪಾಯಿಯ ವ್ಯವಹಾರವಿದ್ದರೂ ಲೆಕ್ಕಪರಿಶೋಧಕರ ವರದಿ, ಅಂದರೆ ಫಾರ್ಮ್ 3ಸಿಇಬಿ, ಕೊಡಬೇಕು. ಕೊನೆಯ ದಿನ ಅಕ್ಟೋಬರ್ 31. ಕೊಡದಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯಡಿ 1 ಲಕ್ಷ ದಂಡ. ಬೆಲೆ ಸರಿ ಇದೆ ಎಂದು ತೋರಿಸುವ ವಿವರವಾದ ದಾಖಲೆಗೆ ಮಾತ್ರ ವರ್ಷಕ್ಕೆ 1 ಕೋಟಿಯ ಮಿತಿ ಇದೆ. ಮೇಲಿನ ಲೆಕ್ಕದಲ್ಲಿ ಒಂದು ಕಂಟೇನರು 85.80 ಲಕ್ಷ. ಎರಡನೆಯದು ಘಟ್ಟ ಇಳಿಯುವುದರೊಳಗೆ ಮಿತಿ ದಾಟಿತು. ದಾಖಲೆ ಇಡದಿದ್ದರೆ ವ್ಯವಹಾರದ ಮೊತ್ತದ ಶೇ 2 ದಂಡ: ಎಂಟು ಕಂಟೇನರಿಗೆ 13,72,800. ಇಲ್ಲಿ ಹೇಳುವ ತೆರಿಗೆ ಫಾರ್ಮ್‌ಗಳ ಸಂಖ್ಯೆಗಳು ಆ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ, ತತ್ವ ಅದೇ.

ಸಂಬಂಧಿತ ಸಂಸ್ಥೆ ಎಂದರೆ ಯಾರು ಎಂಬಲ್ಲೂ ಎಡವುತ್ತಾರೆ. ಶೇ 26 ಮತಾಧಿಕಾರ ಇದ್ದರೆ ಸಂಬಂಧ ಬಂತು. ಒಂದು ಸಂಸ್ಥೆಯ ಹಿಡಿತ ಒಬ್ಬ ವ್ಯಕ್ತಿಯ ಕೈಯಲ್ಲಿ, ಇನ್ನೊಂದರದು ಅವನ ಹತ್ತಿರದ ಸಂಬಂಧಿಯ ಕೈಯಲ್ಲಿದ್ದರೂ ಬಂತು. ಅಪ್ಪನ ಮಂಡಿ ಶಿರಸಿಯಲ್ಲಿ, ಮಗನ ಕಂಪನಿ ದುಬೈಯ ದೇರಾದಲ್ಲಿ ಎಂದರೆ ಪಾಲು ಬಂಡವಾಳ ಬೇರೆ ಬೇರೆಯಾದರೂ ಸಂಬಂಧಿತವೇ. ಗಂಡ, ಹೆಂಡತಿ, ಅಣ್ಣ, ತಮ್ಮ, ಅಕ್ಕ, ತಂಗಿ, ನೇರ ಪೀಳಿಗೆಯವರು ಈ ವ್ಯಾಖ್ಯೆಯಲ್ಲಿ ಬರುತ್ತಾರೆ. ಅಳಿಯ ಬರುವುದಿಲ್ಲ, ಆದರೆ ಹಿಡಿತ ಮಗಳ ಹೆಸರಿನಲ್ಲಿದ್ದರೆ ಬಂದೇ ಬಂತು.

ಹಾಗಾದರೆ 715 ಎಂಬುದು ಯಾವತ್ತೂ ತಪ್ಪೇ? ಅಲ್ಲ. ಹೋಲಿಕೆ ಮಾಡುವಾಗ ಕಾಳು ಕಾಳಿಗೆ ಹೋಲಿಸಬೇಕು. 790ಕ್ಕೆ ಹೋದದ್ದು ಲೀಟರಿಗೆ 570 ಗ್ರಾಂ ತೂಗುವ ಮಾಲು, 715ರದು 500 ಗ್ರಾಮಿನದ್ದು ಎಂದಾದರೆ ಬೆಲೆಯ ಅಂತರಕ್ಕೆ ಕಾರಣವಿದೆ. ಒಂದು ಎಫ್‌ಒಬಿ (ಹಡಗಿಗೆ ಏರಿಸುವವರೆಗಿನ ಬೆಲೆ), ಇನ್ನೊಂದು ಸಿಐಎಫ್ (ಹಡಗು ಬಾಡಿಗೆ, ವಿಮೆ ಸೇರಿದ ಬೆಲೆ) ಆಗಿದ್ದರೆ ಹಡಗು ಬಾಡಿಗೆ, ವಿಮೆ ಕಳೆದು ಹೋಲಿಸಬೇಕು. ಒಬ್ಬ ಮುಂಗಡ ಕೊಟ್ಟಿದ್ದಾನೆ, ಇನ್ನೊಬ್ಬ 120 ದಿನ ಸಾಲ ಹೇಳಿದ್ದಾನೆ ಎಂದರೆ ಆ ಬಡ್ಡಿಯೂ ಬೆಲೆಯೊಳಗಿದೆ. ಕೊನೆಗೆ ಉಳಿಯುವ ಅಂತರ ಸಗಟು ವ್ಯಾಪಾರದಲ್ಲಿ ಶೇ 1, ಬೇರೆ ವ್ಯವಹಾರದಲ್ಲಿ ಶೇ 3ರೊಳಗಿದ್ದರೆ ಇಲಾಖೆ ಒಪ್ಪುತ್ತದೆ. ನಮ್ಮ ಊರಿನ ಅನುಕೂಲ ಏನೆಂದರೆ ಯಾರ್ಡಿನಲ್ಲಿ ದಿನ ದಿನ ಟೆಂಡರು ನಡೆದು ಕನಿಷ್ಠ, ಗರಿಷ್ಠ ದರ ಬರವಣಿಗೆಯಲ್ಲಿ ಸಿಗುತ್ತದೆ. ಆ ದಿನದ ದರಪಟ್ಟಿ, ಲೀಟರ್ ತೂಕದ ಚೀಟಿ, ತೇವಾಂಶದ ಚೀಟಿ ಮೂರನ್ನೂ ಇನ್‌ವಾಯ್ಸಿನ ಹಿಂದೆ ಪಿನ್ ಮಾಡಿಟ್ಟರೆ ಮೂರು ವರ್ಷದ ನಂತರ ನೋಟಿಸ್ ಬಂದಾಗ ಹುಡುಕಾಟ ಇರುವುದಿಲ್ಲ. ಸಮಸ್ಯೆ ಆಗುವುದು ಹೆಚ್ಚಾಗಿ ಇದೇ: ತೂಕದ ಚೀಟಿ ಗೋದಾಮಿನ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ, ಮಳೆಗಾಲದಲ್ಲಿ ಶಾಯಿ ಅಳಿಸುತ್ತದೆ, ಮರುವರ್ಷ ಯಾವ ಲಾಟಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ.

ದುಬೈಯಲ್ಲಿ ನಿಜವಾದ ಕೆಲಸ ನಡೆಯುತ್ತಿದ್ದರೆ ಕಥೆಯೇ ಬೇರೆ. ಜೆಬೆಲ್ ಅಲಿಯಲ್ಲಿ ಗೋದಾಮು ಹಿಡಿದು, ಅಲ್ಲಿ ಮಾಲು ಇಳಿಸಿ, 100 ಗ್ರಾಂ ಪೊಟ್ಟಣ ಮಾಡಿ, ಸೂಪರ್‌ಮಾರ್ಕೆಟ್ಟಿಗೆ 90 ದಿನ ಸಾಲ ಕೊಟ್ಟು, ಹಣ ಮುಳುಗಿದರೆ ತಾನೇ ಹೊರುವ ಕಂಪನಿಗೆ ಅದರ ಪಾಲಿನ ಲಾಭ ಸಲ್ಲಬೇಕು. ಅದನ್ನು ಇಲ್ಲಿಯ ಇಲಾಖೆಯೂ ಒಪ್ಪಬೇಕಾಗುತ್ತದೆ. ಅಂಥಲ್ಲಿ ದುಬೈಯ ಮರುಮಾರಾಟದ ಬೆಲೆಯಿಂದ ಅಲ್ಲಿಯ ವಿತರಕರಿಗೆ ಸಹಜವಾಗಿ ಸಿಗುವ ಒಟ್ಟು ಲಾಭಾಂಶ ಕಳೆದು ಶಿರಸಿಯ ಬೆಲೆ ಕಟ್ಟುವುದು ಸರಿಯಾದ ದಾರಿ. ಮೀನಿನ ರಫ್ತಿನಲ್ಲೂ ಇದೇ ತರ್ಕ: ಕಾರವಾರ, ತದಡಿ ಕಡೆಯಿಂದ ಹೋದ ಹೆಪ್ಪುಗಟ್ಟಿಸಿದ ಬೊಂಡಾಸು ಅಲ್ಲಿ ಪರೀಕ್ಷೆಯಲ್ಲಿ ಬಿದ್ದು ಖರೀದಿದಾರ ಹಣ ಕಡಿತ ಮಾಡಿದರೆ ಆ ನಷ್ಟ ಯಾರ ಪುಸ್ತಕಕ್ಕೆ ಹೋಗುತ್ತದೆ ಎಂದು ನೋಡಿ. ನಷ್ಟವೆಲ್ಲ ಇಲ್ಲಿಗೆ, ಲಾಭ ಮಾತ್ರ ಅಲ್ಲಿಗೆ ಎಂಬ ಪುಸ್ತಕ ಯಾವ ಪರಿಶೀಲನೆಯಲ್ಲೂ ನಿಲ್ಲುವುದಿಲ್ಲ.

ಯುಎಇಯ ಮುಕ್ತ ವಲಯದಲ್ಲಿ (ಫ್ರೀ ಝೋನ್) ಶೇ 0 ಎಂದು ಏಜೆಂಟರು ಹೇಳುವ ಮಾತಿಗೂ ಷರತ್ತುಗಳಿವೆ. ಅಲ್ಲಿಯ ಕಾನೂನು ಅರ್ಹ ಎಂದು ಹೆಸರಿಸಿದ ಚಟುವಟಿಕೆಯಿಂದ ಬಂದ ಆದಾಯಕ್ಕೆ ಮಾತ್ರ ಅದು. ವಲಯದೊಳಗೆ ಸಾಕಷ್ಟು ಸಿಬ್ಬಂದಿ, ಆಸ್ತಿ, ಖರ್ಚು ಇರಬೇಕು, ಆಡಿಟ್ ಆದ ಲೆಕ್ಕ ಬೇಕು. ಅರ್ಹವಲ್ಲದ ಆದಾಯ ಒಟ್ಟು ವಹಿವಾಟಿನ ಶೇ 5 ಅಥವಾ 50 ಲಕ್ಷ ದಿರ್‌ಹಂ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರಬಾರದು. ತಪ್ಪಿದರೆ ಆ ವರ್ಷ ಮತ್ತು ಮುಂದಿನ ನಾಲ್ಕು ವರ್ಷ ಶೇ 9. ಒಂದು ಮೇಜು, ಒಂದು ಅಂಚೆ ವಿಳಾಸ ಬಾಡಿಗೆಗೆ ಹಿಡಿದವರು ಈ ಪರೀಕ್ಷೆ ದಾಟುವುದು ಕಷ್ಟ. ತೆರಿಗೆ ಇಲ್ಲದಿದ್ದರೂ ನೋಂದಣಿ ಕಡ್ಡಾಯ; ತಡವಾದರೆ 10,000 ದಿರ್‌ಹಂ ದಂಡ. ರಿಟರ್ನ್ ಲೆಕ್ಕವರ್ಷ ಮುಗಿದ ಒಂಬತ್ತು ತಿಂಗಳೊಳಗೆ.

ಇನ್ನೊಂದು ಅಪಾಯ ಫೋನಿನಲ್ಲಿದೆ. ದುಬೈ ಕಂಪನಿಯ ಮಾರಾಟದ ಮಾತುಕತೆಯೆಲ್ಲ ಶಿರಸಿಯ ಅಂಗಡಿಯಲ್ಲಿ ಕೂತವರೇ ವಾಟ್ಸ್ಆ್ಯಪಿನಲ್ಲಿ ಮುಗಿಸುತ್ತಾರೆ: ಬೆಲೆ, ಪ್ರಮಾಣ, ಹಡಗಿನ ತಾರೀಖು, ಕೊನೆಗೆ "ಓಕೆ, ಕನ್‌ಫರ್ಮ್". ಒಪ್ಪಂದವನ್ನು ರೂಢಿಯಾಗಿ ಭಾರತದಲ್ಲಿ ಕೂತು ಮುಗಿಸಿದರೆ ದುಬೈ ಕಂಪನಿಗೇ ಭಾರತದಲ್ಲಿ ಕಾಯಂ ನೆಲೆ, ಅಂದರೆ ಇಲ್ಲಿ ತೆರಿಗೆಗೆ ಒಳಪಡುವಂಥ ವ್ಯವಹಾರದ ನೆಲೆ, ಇದೆ ಎಂಬ ವಾದ ಏಳುತ್ತದೆ. ಆಗ ಆ ನೆಲೆಗೆ ಸೇರಿದ ಲಾಭಕ್ಕೆ ವಿದೇಶಿ ಕಂಪನಿಯ ದರ, ಶೇ 35 ಮತ್ತು ಸೆಸ್. ಒಂಬತ್ತರಲ್ಲಿ ಮುಗಿಸಲು ಹೋದವರು 36.4ಕ್ಕೆ ಬಂದು ನಿಲ್ಲುತ್ತಾರೆ. ರಫ್ತಿಗೆಂದು ಬರೀ ಖರೀದಿ ಮಾಡುವ ವಿದೇಶಿ ಸಂಸ್ಥೆಗೆ ಕಾಯ್ದೆಯಲ್ಲಿ ರಕ್ಷಣೆ ಇದೆ. ಅದು ಖರೀದಿಗೆ ಮಾತ್ರ, ಮಾರಾಟದ ಒಪ್ಪಂದಕ್ಕಲ್ಲ. ವಿದೇಶಿ ಕಂಪನಿಯ ನಿಜವಾದ ಆಡಳಿತ ಇಲ್ಲಿಂದ ನಡೆದರೆ ಅದನ್ನು ಭಾರತದ ನಿವಾಸಿ ಕಂಪನಿ ಎಂದೇ ಹಿಡಿಯುವ ನಿಯಮವೂ ಇದೆ, ವರ್ಷದ ವಹಿವಾಟು 50 ಕೋಟಿಯೊಳಗಿದ್ದರೆ ಅದು ಅನ್ವಯಿಸದು. ಈ 50 ಕೋಟಿಯ ಸುದ್ದಿ ಕೇಳಿ ನಿಶ್ಚಿಂತರಾದವರು ಬಹಳ. ಆ ವಿನಾಯಿತಿ ಆ ಒಂದು ನಿಯಮಕ್ಕೆ ಮಾತ್ರ. ಟ್ರಾನ್ಸ್‌ಫರ್ ಪ್ರೈಸಿಂಗಿಗಾಗಲೀ ಕಾಯಂ ನೆಲೆಯ ಪ್ರಶ್ನೆಗಾಗಲೀ ಅದು ಸಲ್ಲದು.

ಕಂಪನಿಯನ್ನೇ ಮಾಡದೆ ದುಬೈಯಲ್ಲಿ ಏಜೆಂಟನನ್ನು ಇಟ್ಟುಕೊಂಡು ಶೇ 1 ಅಥವಾ 2 ಕಮಿಷನ್ ಕೊಡುವುದು ಸಣ್ಣ ರಫ್ತುದಾರರಿಗೆ ಎಷ್ಟೋ ಸಲೀಸು. ಏಜೆಂಟ್ ಹೊರದೇಶದಲ್ಲೇ ಕೆಲಸ ಮಾಡಿ, ಭಾರತದಲ್ಲಿ ಅವನ ನೆಲೆ ಇಲ್ಲದಿದ್ದರೆ ಆ ಕಮಿಷನ್ ಇಲ್ಲಿ ಸಾಮಾನ್ಯವಾಗಿ ತೆರಿಗೆಗೆ ಬರುವುದಿಲ್ಲ. ಆದರೆ ಇದನ್ನು ಸ್ಪಷ್ಟಪಡಿಸಿದ್ದ ಹಳೆಯ ಸುತ್ತೋಲೆಗಳನ್ನು 2009ರ ಅಕ್ಟೋಬರಿನಲ್ಲಿ ವಾಪಸ್ ಪಡೆದಿದ್ದಾರೆ. ಹಾಗಾಗಿ ದಾಖಲೆಯ ಹೊಣೆ ನಿಮ್ಮದು: ಕರಾರುಪತ್ರ, ಏಜೆಂಟನ ವಾಸಸ್ಥಳದ ತೆರಿಗೆ ಪ್ರಮಾಣಪತ್ರ, ತೆರಿಗೆ ಒಪ್ಪಂದದ ಅನುಕೂಲ ಪಡೆಯಲು ಅವನು ಕೊಡುವ ಫಾರ್ಮ್ 10ಎಫ್, ಭಾರತದಲ್ಲಿ ನೆಲೆ ಇಲ್ಲ ಎಂಬ ಹೇಳಿಕೆ. ಕರಾರಿನಲ್ಲಿ "ಮಾರುಕಟ್ಟೆ ಸಲಹೆ, ಗುಣಮಟ್ಟ ತಪಾಸಣೆ, ತಾಂತ್ರಿಕ ನೆರವು" ಎಂದೆಲ್ಲ ಅಲಂಕಾರಕ್ಕೆ ಸೇರಿಸಬೇಡಿ. ಅಷ್ಟು ಬರೆದರೆ ಕಮಿಷನ್ ತಾಂತ್ರಿಕ ಸೇವಾ ಶುಲ್ಕವೆನಿಸಿಕೊಂಡು ಹಣ ಕಳಿಸುವಾಗಲೇ ಶೇ 20 ತೆರಿಗೆ ಕಡಿತ ಮಾಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಕಡಿತ ಮಾಡಬೇಕಿದ್ದು ಮಾಡದಿದ್ದರೆ ಆ ಪೂರ್ತಿ ಖರ್ಚನ್ನೇ ಅಮಾನ್ಯ ಮಾಡುತ್ತಾರೆ.

ಶಿರಸಿ, ಕುಮಟಾದಲ್ಲಿ ಕೂತು ಹೊರದೇಶಕ್ಕೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಸಂಸ್ಥೆಗಳಿಗೆ ತೊಂದರೆ ಉಲ್ಟಾ ದಿಕ್ಕಿನಿಂದ ಬರುತ್ತದೆ: ಗ್ರಾಹಕನ ದೇಶವೇ ತೆರಿಗೆ ಮುರಿದುಕೊಂಡು ಹಣ ಕಳಿಸುತ್ತದೆ. 10 ಲಕ್ಷದ ಬಿಲ್, ಅಲ್ಲಿ ಶೇ 10ರಂತೆ 1 ಲಕ್ಷ ಮುರಿದರು. ಸಂಬಳ, ಬಾಡಿಗೆ ಕಳೆದು ಆ ಬಿಲ್ಲಿನಲ್ಲಿ ನಿಮಗೆ ಉಳಿದ ಲಾಭ 2 ಲಕ್ಷ, ಅದಕ್ಕೆ ಇಲ್ಲಿಯ ತೆರಿಗೆ 50,336. ಕ್ರೆಡಿಟ್ ಸಿಗುವುದು ಅಷ್ಟೇ. ಉಳಿದ 49,664 ಹೋಯಿತು. ಮುರಿಯುವವರು ಒಟ್ಟು ಬಿಲ್ಲಿನ ಮೇಲೆ ಮುರಿಯುತ್ತಾರೆ, ನಾವು ತೆರಿಗೆ ಕಟ್ಟುವುದು ನಿವ್ವಳ ಲಾಭದ ಮೇಲೆ, ಅಂತರ ಬರುವುದು ಅಲ್ಲಿಂದ. ಆದ್ದರಿಂದ ದರ ಹೇಳುವಾಗಲೇ ಅದನ್ನು ಸೇರಿಸಿ ಹೇಳಬೇಕು, ಇಲ್ಲವೇ ತೆರಿಗೆ ಕಳೆದು ಇಷ್ಟು ಕೈಗೆ ಬರಬೇಕು ಎಂದು ಕರಾರಿನಲ್ಲೇ ಬರೆಸಬೇಕು. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಮುರಿಯಲೇಬಾರದಿದ್ದ ತೆರಿಗೆಯನ್ನು ಮುರಿದಿದ್ದರೆ ಇಲ್ಲಿ ಕ್ರೆಡಿಟ್ ಇಲ್ಲ, ಅಲ್ಲಿಯೇ ವಾಪಸ್ ಕೇಳಬೇಕು. ಅಮೆರಿಕದ ಗ್ರಾಹಕರಿಗೆ, ನಿಮ್ಮದು ವಿದೇಶಿ ಸಂಸ್ಥೆ ಎಂದು ತಿಳಿಸುವ ಡಬ್ಲ್ಯು-8ಬಿಇಎನ್-ಇ ಫಾರ್ಮ್ ಮೊದಲ ಬಿಲ್ಲಿನ ಜೊತೆಗೇ ಕಳಿಸಿ. ಇಲ್ಲಿ ಕ್ರೆಡಿಟ್ ಕೇಳಲು ಫಾರ್ಮ್ 67 ಬೇಕು. ರಿಟರ್ನಿನಲ್ಲಿ ಮೊತ್ತ ತುಂಬಿ ಈ ಫಾರ್ಮ್ ಮರೆತವರಿಗೆ ಕ್ರೆಡಿಟ್ ಇಲ್ಲದೆ ಬೇಡಿಕೆಯ ನೋಟಿಸ್ ಬರುತ್ತದೆ.

ಇಷ್ಟೆಲ್ಲ ತಿಳಿದೂ ಹೊರಗೆ ಕಂಪನಿ ಬೇಕೇ ಬೇಕು ಎಂದಾದರೆ ಬ್ಯಾಂಕಿನಿಂದ ಶುರುಮಾಡಿ. 2022ರ ಆಗಸ್ಟ್ 22ರಿಂದ ಜಾರಿಯಾದ ವಿದೇಶಿ ಹೂಡಿಕೆ ನಿಯಮಗಳಂತೆ ಫಾರ್ಮ್ ಎಫ್‌ಸಿ ಕೊಟ್ಟು, ಗುರುತಿನ ಸಂಖ್ಯೆ ಪಡೆದು, ಬ್ಯಾಂಕಿನ ಮೂಲಕವೇ ಬಂಡವಾಳ ಕಳಿಸಬೇಕು. ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿ ಕಂಪನಿ ಮಾಡಿಕೊಂಡು ಆಮೇಲೆ ಬ್ಯಾಂಕಿಗೆ ಹೋದರೆ ಅದನ್ನು ಸರಿಪಡಿಸುವ ಕೆಲಸ ಕಂಪನಿ ಮಾಡಿದ್ದಕ್ಕಿಂತ ದೊಡ್ಡದಾಗುತ್ತದೆ. ಇಲ್ಲಿಯ ನಿವಾಸಿ ವ್ಯಕ್ತಿ ಸ್ವಂತ ಹೆಸರಿನಲ್ಲಿ ಹಾಕುವುದಾದರೆ ವರ್ಷಕ್ಕೆ 2,50,000 ಡಾಲರಿನ ಮಿತಿಯೊಳಗೆ. ಪ್ರತಿವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವಾರ್ಷಿಕ ವರದಿ ಬ್ಯಾಂಕಿಗೆ ಹೋಗಬೇಕು. ಇಲ್ಲಿಯ ಕಂಪನಿ ಹೂಡಿದ್ದರೆ ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಎಲ್‌ಎ ರಿಟರ್ನ್ (ವಿದೇಶಿ ಆಸ್ತಿ, ಹೊಣೆಗಳ ವಾರ್ಷಿಕ ವಿವರ) ಕೂಡ. ವ್ಯಕ್ತಿಗಳು ತಮ್ಮ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಪಾಲನ್ನೂ ಅಲ್ಲಿಯ ಬ್ಯಾಂಕ್ ಖಾತೆಯನ್ನೂ ತೋರಿಸಬೇಕು. ಆ ಪಟ್ಟಿಗೆ ಲೆಕ್ಕ ಜನವರಿಯಿಂದ ಡಿಸೆಂಬರ್, ನಮ್ಮ ಮಾರ್ಚ್ ಅಲ್ಲ. ಬಿಟ್ಟರೆ, ಸ್ಥಿರಾಸ್ತಿ ಹೊರತಾದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ದಾಟಿದ್ದರೆ, 2015ರ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ. ಲಾಭ ಇಲ್ಲ, ವ್ಯವಹಾರ ಇಲ್ಲ, ಖಾತೆಯಲ್ಲಿ ದುಡ್ಡೂ ಇಲ್ಲ ಎಂಬ ಕಾರಣಕ್ಕೆ ಬಿಡುವಂತಿಲ್ಲ.

ಮುಚ್ಚುವುದಾದರೂ ಸುಮ್ಮನೆ ಪರವಾನಗಿ ನವೀಕರಿಸದೆ ಬಿಟ್ಟರೆ ಆಗುವುದಿಲ್ಲ. ಯುಎಇಯಲ್ಲಿ ವ್ಯವಹಾರ ನಿಂತ ಮೂರು ತಿಂಗಳೊಳಗೆ ತೆರಿಗೆ ನೋಂದಣಿ ರದ್ದತಿಗೆ ಅರ್ಜಿ ಹಾಕಬೇಕು. ಉಳಿದ ಬಂಡವಾಳ ಇಲ್ಲಿಗೆ ಬಂದ 30 ದಿನದೊಳಗೆ ಬ್ಯಾಂಕಿಗೆ ವರದಿ ಮಾಡಬೇಕು. ಅಲ್ಲಿಯ ಬ್ಯಾಂಕ್ ಖಾತೆ ಮುಚ್ಚುವ ಮೊದಲು ಎಲ್ಲ ವರ್ಷಗಳ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ. ಖಾತೆ ಮುಚ್ಚಿದಮೇಲೆ ಅವನ್ನು ಪಡೆಯಲು ಶಿರಸಿಯಿಂದ ಓಡಾಡುವುದು ಸುಲಭವಲ್ಲ, ಇಲ್ಲಿಯ ನೋಟಿಸಿಗೆ ಉತ್ತರ ಕೊಡುವಾಗ ಮೊದಲು ಕೇಳುವುದೂ ಅವನ್ನೇ.